ಹದಿನಾಲ್ಕು ಅಡ್ಮಿನ್‌ಗಳ ರೊಟ್ಟಿ ಅಂಗಡಿ

ಹೋದ ವಾರ ಮನೆಗೊಂದು ಲಗ್ನಪತ್ರಿಕೆ ಬಂತು. ಹುಡುಗ ಯಾರು, ಹುಡುಗಿ ಯಾರು ಎಂದು ನಾನಿನ್ನೂ ನೋಡಿಲ್ಲ. ನಾನು ಮೊದಲು ನೋಡುವುದು ಒಟ್ಟು ಎಷ್ಟು ಹೆಸರುಗಳಿವೆ ಎಂಬುದನ್ನು. ಇದರಲ್ಲಿ ಮದುಮಕ್ಕಳನ್ನು ಬಿಟ್ಟು ನಲವತ್ತೊಂದು ಹೆಸರುಗಳಿದ್ದವು. ಮದುಮಕ್ಕಳನ್ನು ಬಿಟ್ಟೇ ಎಣಿಸಬೇಕು. ಲಗ್ನಪತ್ರಿಕೆಯಲ್ಲಿ ಅವರು ನಿಮಿತ್ತ ಮಾತ್ರ. ದಿನಚರಿಯಲ್ಲಿ ಬರೆದುಕೊಂಡೆ: ‘ಮಂಗಳವಾರ. ಲಗ್ನಪತ್ರಿಕೆ ಒಂದು. ಹೆಸರು ನಲವತ್ತೊಂದು. ಅದರಲ್ಲಿ ಈಗಾಗಲೇ ತೀರಿಕೊಂಡವರು ಮೂವರು.’

ನಗಬೇಡಿ. ಎಣಿಸುವ ಚಟ ನನಗೆ ಬಂಡ್ರಿಯಲ್ಲಿ ಅಂಟಿದ್ದು. ಅಮ್ಮ ಅಲ್ಲಿ ಶಾಲೆಯ ಟೀಚರ್ ಆಗಿದ್ದಳು. ನಮ್ಮ ಬಾಡಿಗೆ ಮನೆಯ ಮುಂದಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಕೆಂಧೂಳೆಬ್ಬಿಸುತ್ತ ಒಂದರ ಹಿಂದೊಂದು ಹೋಗುತ್ತಿದ್ದವು. ನಮ್ಮ ಊರಲ್ಲಿ ಬಿಳಿ ಅಂಗಿ ಎಂಬುದು ಅಂಗಡಿಯಲ್ಲಿ ಮಾತ್ರ ಇರುತ್ತಿತ್ತು. ಒಮ್ಮೆ ಒಗೆದು ಒಣಹಾಕಿದರೆ ಅದೂ ಕೆಂಪಿನ ಪಕ್ಷ ಸೇರುತ್ತಿತ್ತು. ರಸ್ತೆಗೆ ಹೋಗಬಾರದೆಂದು ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ, ಕೈಗೊಂದು ನೋಟ್‌ಬುಕ್ ಕೊಟ್ಟು, “ಲಾರಿ ಎಣಸು, ಸಂಜಿಗೆ ನನಗ ಹೇಳು” ಎಂದು ಅಮ್ಮ ಶಾಲೆಗೆ ಹೋಗುತ್ತಿದ್ದಳು. ನಾನು ನಂಬಿಕೆಯಿಂದ ಎಣಿಸುತ್ತಿದ್ದೆ. ಸಂಜೆ ಅಮ್ಮ ಒಮ್ಮೆಯೂ ಕೇಳಲಿಲ್ಲ. ಆ ನೋಟ್‌ಬುಕ್ಕುಗಳು ಈಗಲೂ ನನ್ನ ಹತ್ತಿರ ಇವೆ. ಗಣಿ ಇಲಾಖೆಯವರು ಕೇಳಿದರೆ ಕೊಡಲು ಸಿದ್ಧ. ಅವರೂ ಇನ್ನೂ ಕೇಳಿಲ್ಲ.

ಈ ಚಟದಿಂದ ಆದ ಮೊದಲ ಅನಾಹುತ ಮಲಪನಗುಡಿಯಲ್ಲಿ. ನನಗಾಗ ಎಂಟು ವರ್ಷ. ಅತ್ತೆಯ ಮದುವೆಯ ಪತ್ರಿಕೆ ಹಂಚಲು ಅಪ್ಪನ ಜೊತೆ ಹೋಗಿದ್ದೆ. ನಮ್ಮ ಅಜ್ಜನ ತಮ್ಮ ಬಸಣ್ಣಜ್ಜ ಪತ್ರಿಕೆ ತೆಗೆದುಕೊಂಡು, ಕನ್ನಡಕ ಹುಡುಕುತ್ತಿದ್ದ. ನಾನು ಸಹಾಯ ಮಾಡಲು ಹೋದೆ.

“ಅಜ್ಜಾ, ನಿಮ್ದು ಹತ್ತೊಂಬತ್ತನೇ ನಂಬರ್!”

ಬಸಣ್ಣಜ್ಜ ಕನ್ನಡಕ ಹುಡುಕುವುದನ್ನು ನಿಲ್ಲಿಸಿದ. “ಹದಿನೆಂಟು ಯಾರಪ್ಪಾ?”

“ಸಂಡೂರಿನ ಅಜ್ಜ.”

“ಅಂವ ನನಗಿಂತ ನಾಕು ವರ್ಷ ಸಣ್ಣಾಂವ,” ಎಂದು ಪತ್ರಿಕೆಯನ್ನು ಮಡಚಿ ಅಪ್ಪನ ಚೀಲಕ್ಕೆ ವಾಪಸ್ ಇಟ್ಟ. “ಚಾ ಕುಡದು ಹೋಗ್ರಿ.”

ಮದುವೆಗೆ ಬರಲಿಲ್ಲ. ಅದರ ನಂತರದ ಮದುವೆಗೂ ಬರಲಿಲ್ಲ. ನಮ್ಮ ಮನೆತನ ಹೀಗೆ: ಹೊಲ ಭಾಗವಾದಾಗ ಯಾರೂ ಏರುದನಿಯಲ್ಲಿ ಮಾತಾಡಲಿಲ್ಲವಂತೆ. ಜಗಳಗಳನ್ನೆಲ್ಲ ಹೆಸರು ಅಚ್ಚು ಹಾಕಿಸುವ ದಿನಕ್ಕೆಂದು ಜೋಪಾನವಾಗಿ ಉಳಿಸಿಕೊಂಡಿದ್ದರು.

ಇಷ್ಟು ತಿಳಿದೂ ನಾನು ಮಾಡಿದ ಕೆಲಸವನ್ನು ಹೇಳಲೇ ಈ ಪೀಠಿಕೆ.

ನಾನು ಹೊಸಪೇಟೆಯಲ್ಲಿ ಕುಳಿತು ಮಂದಿಯ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತೇನೆ. ಸದ್ಯಕ್ಕೆ ಒಂಬತ್ತು ಸೈಟುಗಳಿವೆ: ಹಂಪಿ ದಾರಿಯ ಎರಡು ಲಾಡ್ಜು, ಒಬ್ಬ ಹಲ್ಲಿನ ಡಾಕ್ಟರು, ಒಂದು ಟೈಲ್ಸ್ ಅಂಗಡಿ, ಹೀಗೆ. ವೆಬ್‌ಸೈಟ್ ಎಂದರೆ ಅಂಗಡಿಯ ಬೋರ್ಡಿನ ಹಾಗೆ, ಒಮ್ಮೆ ಮೊಳೆ ಹೊಡೆದರೆ ಮುಗಿಯಿತು ಎಂದು ಇವರೆಲ್ಲ ತಿಳಿದಿದ್ದಾರೆ. ಅದು ಎಮ್ಮೆ ಎಂದು ನಾನು ಎಷ್ಟು ಹೇಳಿದರೂ ನಂಬುವುದಿಲ್ಲ. ದಿನಾ ಮೇವು ಹಾಕಬೇಕು, ಮೈ ತೊಳೆಯಬೇಕು, ಕೊಟ್ಟಿಗೆಯ ಬಾಗಿಲು ಹಾಕಬೇಕು. ಪ್ಲಗಿನ್ ಎಂದು ಕರೆಯುವ ಸಣ್ಣ ಸಣ್ಣ ಜೋಡಣೆಗಳಿರುತ್ತವೆ. ಆರ್ಡರ್ ಹಿಡಿಯಲು ಒಂದು, ಫೋಟೋ ತೋರಿಸಲು ಒಂದು. ಅವುಗಳಲ್ಲಿ ಒಂದನ್ನು ಹೊಸದು ಮಾಡಿದರೆ ಇನ್ನೊಂದಕ್ಕೆ ಸಿಟ್ಟು ಬರುತ್ತದೆ, ಓರಗಿತ್ತಿಯರ ಹಾಗೆ. ಲಾಡ್ಜಿನ ಮಾಲೀಕರೊಬ್ಬರು ಒಮ್ಮೆ “ಸೈಟ್ ಬಿದ್ದೈತಿ, ಜಲ್ದಿ ಎಬ್ಬಸ್ರಿ” ಎಂದು ಫೋನ್ ಮಾಡಿದರು. ನಲವತ್ತು ನಿಮಿಷ ಸರ್ವರನ್ನು ಜಾಲಾಡಿದ ಮೇಲೆ ತಿಳಿಯಿತು, ಅವರ ಮೊಬೈಲಿನಲ್ಲಿ ಡೇಟಾ ಖಾಲಿಯಾಗಿತ್ತು. ದಿನಚರಿಯಲ್ಲಿ ಇಂಥ ಪ್ರಕರಣಗಳಿಗೆ ಬೇರೆಯೇ ಪುಟವಿದೆ. ಈವರೆಗೆ ಇಪ್ಪತ್ಮೂರು.

ಹತ್ತನೆಯ ಸೈಟು ಕಂಪ್ಲಿಯಲ್ಲಿರುವ ನಮ್ಮ ದೊಡ್ಡಪ್ಪನ ರೈಸ್‌ಮಿಲ್ಲಿನದು. ಮನೆಯದಾದ್ದರಿಂದ ಲೆಕ್ಕಕ್ಕೆ ಹಿಡಿದಿಲ್ಲ. ಹೆಸರಿಗೆ ಮಿಲ್ಲಿನದು; ಅದರಲ್ಲಿ ಮಾರಾಟವಾಗುತ್ತಿದ್ದುದು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಅದನ್ನು ನಡೆಸುತ್ತಿದ್ದವಳು ದೊಡ್ಡಪ್ಪನ ಹಿರಿಯ ಸೊಸೆ ವಿನುತತ್ತಿಗೆ. ಸಂಡೂರಿನವಳು, ಬಿ.ಕಾಂ. ಮಾಡಿದವಳು. ಮದುವೆಯಾಗಿ ಐದು ವರ್ಷ ಮನೆಯೊಳಗೇ ಇದ್ದು, ಎರಡು ವರ್ಷದ ಹಿಂದೆ ಮಿಲ್ಲಿನ ಹಳೆಯ ಗೋದಾಮಿನಲ್ಲಿ ಆರು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ತಟ್ಟಿಸಲು ಶುರು ಮಾಡಿದಳು. ಆರ್ಡರುಗಳೆಲ್ಲ ಸೈಟಿನಿಂದಲೇ ಬರುತ್ತಿದ್ದವು.

ಸೈಟು ಕಟ್ಟಿದ ದಿನ ಯಾರ್ಯಾರಿಗೆ ಎಷ್ಟು ಅಧಿಕಾರ ಎಂದು ನಿಗದಿ ಮಾಡಬೇಕಿತ್ತು. ಅಡ್ಮಿನ್ ಎಂದರೆ ಎಲ್ಲವನ್ನೂ ಮಾಡಬಲ್ಲವನು, ಕೆಡಿಸಲೂ ಬಲ್ಲವನು. ಆದ್ದರಿಂದ ಒಬ್ಬರು, ಹೆಚ್ಚೆಂದರೆ ಇಬ್ಬರು ಇರಬೇಕು. ಅದರ ಕೆಳಗೆ ಎಡಿಟರ್. ತೀರಾ ಕೆಳಗೆ ಇನ್ನೊಂದು ದರ್ಜೆ. ಅವರು ಬರೆಯಬಹುದು, ಆದರೆ ಮೇಲಿನವರು ಒಪ್ಪಿಗೆಯ ಗುಂಡಿ ಒತ್ತುವವರೆಗೆ ಅದು ಯಾರಿಗೂ ಕಾಣುವುದಿಲ್ಲ. ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಿದೆ. ಅದೇ ತಪ್ಪು.

“ಈ ಎಡಿಟರ್ ಅಂದ್ರ ಕೆಳಗಿನಾಂವ ಏನಲೇ?”

“ಹೌದು ದೊಡ್ಡಪ್ಪ, ಅಡ್ಮಿನ್ ಕೆಳಗ.”

“ಕೆಳಗ ಯಾರನ್ನ ಕುಂದ್ರಸ್ತಿ? ನಿಮ್ಮ ಕಾಕಾನ್ನ? ಅಳಿಯಂದ್ರನ್ನ? ನಾಳೆ ಅವರು ನಮ್ಮ ಹೊಸ್ತಿಲ ತುಳೀತಾರೇನು? ಎಲ್ಲಾರನ್ನೂ ಮ್ಯಾಲ ಕುಂದ್ರಸು.”

ನಾನು ಮನೆಯ ಹಳೆಯ ಲಗ್ನಪತ್ರಿಕೆಯೊಂದನ್ನು ಎದುರಿಗಿಟ್ಟುಕೊಂಡು, ಅದೇ ಕ್ರಮದಲ್ಲಿ ಕುಂದ್ರಿಸಿದೆ. ದೊಡ್ಡಪ್ಪ, ಇಬ್ಬರು ಕಾಕಾಗಳು, ನಮ್ಮಪ್ಪ, ನಾಲ್ವರು ಅಣ್ಣಂದಿರು, ಮೂವರು ಅಳಿಯಂದಿರು, ಒಬ್ಬರು ಬೀಗರು, ಕೊನೆಗೆ ನಾನು. ಒಟ್ಟು ಹದಿಮೂರು. ದೊಡ್ಡಪ್ಪ ಪಟ್ಟಿ ನೋಡಿ, “ಅಜ್ಜನ ಹೆಸರಿಲ್ಲದ ಪತ್ರಿಕಿ ಎಲ್ಲೆರ ಇರ್ತದ?” ಎಂದರು. ಹೀಗಾಗಿ ಅಜ್ಜನೂ ಅಡ್ಮಿನ್ ಆದ, ಲಿಂಗೈಕ್ಯ ಎಂಬ ವಿಶೇಷಣದ ಸಮೇತ. ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ನ್ಯಾಯವಾಗಿ ಹೇಳಬೇಕೆಂದರೆ, ಹದಿನಾಲ್ಕು ಮಂದಿಯಲ್ಲಿ ಸೈಟಿಗೆ ಒಂದು ದಿನವೂ ಕೇಡು ಮಾಡದ ಅಡ್ಮಿನ್ ಅವನೊಬ್ಬನೇ.

“ಅತ್ತಿಗೀದು?” ಎಂದೆ.

“ಆಕಿ ಮನಿ ಮಗಳಿದ್ದಂಗ. ಆಕಿಗ್ಯಾತಕ ಅವೆಲ್ಲ?”

ಮನೆ ಮಗಳ ಹಾಗಿದ್ದವಳನ್ನು ತೀರಾ ಕೆಳಗಿನ ದರ್ಜೆಗೆ ಹಾಕಿದೆ. ಹಾಕಿದವನು ನಾನೇ, ಇದೇ ಕೈ. ಎರಡು ವರ್ಷ ಅವಳು ಹೊಸದೊಂದು ಚಟ್ನಿಯ ಹೆಸರು ಹಾಕಬೇಕಾದರೂ ಯಾರಾದರೊಬ್ಬ ಅಡ್ಮಿನ್‌ಗೆ ಫೋನ್ ಮಾಡಿ “ಸ್ವಲ್ಪ ಒತ್ತಿಬಿಡ್ರಿ” ಎನ್ನುತ್ತಿದ್ದಳು. ಅಡ್ಮಿನ್ನರು ಊಟ, ನಿದ್ದೆ ಎಲ್ಲ ಮುಗಿಸಿ ಒತ್ತುತ್ತಿದ್ದರು.

ಒಂದು ಸೋಮವಾರ ಕಂಪ್ಲಿಯ ಶಾಲೆಯೊಂದರ ಹೆಡ್‌ಮಾಸ್ಟರು, ನಮ್ಮ ಖಾಯಂ ಗಿರಾಕಿ, ಸ್ಟಾಫ್ ರೂಮಿನಲ್ಲಿ ಕುಳಿತು ರೊಟ್ಟಿ ತರಿಸಲು ಮೊಬೈಲಿನಲ್ಲಿ ಸೈಟು ತೆರೆದರು. ರೊಟ್ಟಿಯ ಬದಲು ಜೂಜಿನ ಚಕ್ರ ತಿರುಗತೊಡಗಿತು. ನಾಣ್ಯ ಸುರಿಯುವ ಸದ್ದು, ನಡುವೆ ಒಬ್ಬ ಹೆಂಗಸಿನ ಆಹ್ವಾನ. ಮೇಷ್ಟ್ರುಗಳೆಲ್ಲ ಕತ್ತು ಚಾಚಿದರಂತೆ. ಹೆಡ್‌ಮಾಸ್ಟರು ಹೊರಗೆ ಬಂದು ದೊಡ್ಡಪ್ಪನಿಗೆ ಫೋನ್ ಮಾಡಿದರು: “ಸಾವ್ಕಾರ್ರ, ಮಿಲ್ಲಿನಾಗ ಇಸ್ಪೀಟ್ ಕ್ಲಬ್ ಯಾವಾಗ ಚಾಲೂ ಮಾಡಿದ್ರಿ? ನಮಗ ಹೇಳ್ಲೇ ಇಲ್ಲ.”

ದೊಡ್ಡಪ್ಪ ನನಗೆ ಫೋನ್ ಮಾಡಿದಾಗ ದನಿ ಸಣ್ಣಗಿತ್ತು. ಅವರು ಕೂಗಿದರೆ ಭಯವಿಲ್ಲ. ಸಣ್ಣಗೆ ಮಾತಾಡಿದರೆ ಭಯ. “ಶುಕ್ರವಾರದೊಳಗ ಸರಿ ಮಾಡು. ಆಗ್ಲಿಲ್ಲ ಅಂದ್ರ ಅದನ್ನ ಮುಚ್ಚಿಬಿಡೂನು. ವಿನುತಾ ಮೊದಲಿನಂಗ ಮನಿ ನೋಡ್ಕೊಂತಾಳ.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕಂಪ್ಲಿಗೆ ಹೋದೆ. ಅತ್ತಿಗೆ ಗೋದಾಮಿನ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಆರು ಜೋಡಿ ಕೈಗಳು ರೊಟ್ಟಿ ತಟ್ಟುವ ಸದ್ದು.

“ಮೈದುನ್ರ, ನಿಮಗ ಇದು ಹತ್ತರಾಗ ಒಂದು ಸೈಟು. ಶುಕ್ರವಾರ ದಾಟಿದ್ರ ನನಗ ಈ ಗೇಟಿನೊಳಗ ಬರಾಕ ಕಾರಣಾನ ಇರಂಗಿಲ್ಲ. ಗೊತ್ತೈತಿಲ್ಲ?”

ಗೊತ್ತು ಎಂದೆ. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಸೈಟು ಶುದ್ಧವಾಗಿತ್ತು. ಮೊಬೈಲಿನಲ್ಲಿ ತೆರೆದವರಿಗೆ ಮಾತ್ರ ಜೂಜು. ಕಳ್ಳ ಮನೆಯವರ ಮುಂದೆ ಸಭ್ಯನಾಗಿರುವುದು ಹೊಸ ವಿಷಯವೇನಲ್ಲ. ಹುಡುಕಿದಾಗ ಫೋಟೋ ಇರಬೇಕಾದ ಕಡೆ ಫೋಟೋ ಅಲ್ಲದ ಮೂರು ಫೈಲುಗಳು ಸಿಕ್ಕವು. ಅಳಿಸಿದೆ. ನನ್ನ ಪಟ್ಟಿಯಲ್ಲಿಲ್ಲದ ಪ್ಲಗಿನ್ನುಗಳನ್ನೂ ಕಿತ್ತು ಹಾಕಿದೆ. ಅದರಲ್ಲಿ ಒಂದು, ಪರದೆಯ ತುಂಬ ಗುಲಾಬಿ ಹೂವು ಉದುರಿಸುವಂಥದ್ದು. ಹದಿನೈದು ದಿನದಿಂದ ಉದುರುತ್ತಿದ್ದವು. ಅತ್ತಿಗೆಯ ಅಭಿರುಚಿ ಎಂದುಕೊಂಡು ನಾನು ಸುಮ್ಮನಿದ್ದೆ. ಅವಳು ನನ್ನ ಅಭಿರುಚಿ ಎಂದುಕೊಂಡು ಸುಮ್ಮನಿದ್ದಳಂತೆ.

ಹತ್ತೂವರೆಗೆ ಕೈ ತೊಳೆದು, ಬಿಸಿ ರೊಟ್ಟಿ ತಿಂದೆ. ಹನ್ನೊಂದೂ ಕಾಲಿಗೆ ಚಕ್ರ ಮತ್ತೆ ತಿರುಗುತ್ತಿತ್ತು. ಮತ್ತೆ ಅಳಿಸಿದೆ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮತ್ತೆ ಬಂತು. ಬುಧವಾರವೂ ಇದೇ ಆಟ. ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಗೆ ಬರೆದೆ. ನಾಲ್ಕು ಪ್ಯಾರಾದ ಉತ್ತರ ಬಂತು. ನಿಮ್ಮ ನೋವು ನಮಗೆ ಅರ್ಥವಾಗುತ್ತದೆ, ನಿಮ್ಮ ಸೈಟು ನಿಮ್ಮ ಹೊಣೆ ಎಂಬುದು ಅದರ ಸಾರ. ನೋವಿಗೆ ಮೂರು ಪ್ಯಾರಾ, ಹೊಣೆಗೆ ಒಂದು.

ಅಂದು ಸಂಜೆ ನಾನು ಅತ್ತಿಗೆಗೆ ಗಂಭೀರವಾಗಿ ಒಂದು ಉಪನ್ಯಾಸ ಕೊಟ್ಟೆ. ಇದು ಸಾಮಾನ್ಯರ ಕೆಲಸವಲ್ಲ, ಹೊರದೇಶದ ದೊಡ್ಡ ತಂಡವಿದೆ, ನಾವು ಒಂದು ಬಾಗಿಲು ಮುಚ್ಚಿದರೆ ಅವರು ನೆಲದೊಳಗಿನಿಂದ ಬರುತ್ತಾರೆ, ಬಹುಶಃ ರಷ್ಯಾ.

“ರಷ್ಯಾದವರಿಗೆ ನಮ್ಮ ರೊಟ್ಟಿ ಮ್ಯಾಲ ಯಾಕ ಕಣ್ಣು ಬಿತ್ತೋ ಏನೋ,” ಎಂದಳು ಅತ್ತಿಗೆ. ಒಳಗಿನಿಂದ ಒಬ್ಬಳು, “ಅಲ್ಲಿ ಜ್ವಾಳ ಬೆಳ್ಯಾಂಗಿಲ್ಲೇನವ್ವಾ?” ಎಂದಳು. ಆರೂ ಮಂದಿ ನಕ್ಕರು. ಅತ್ತಿಗೆ ನಗಲಿಲ್ಲ.

ಗುರುವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ, ನನಗೆ ಬರುವ ಒಂದೇ ವಿದ್ಯೆಯನ್ನು ಬಳಸಿದೆ: ದಿನಚರಿ ತೆಗೆದು, ಸರ್ವರಿನ ದಾಖಲೆಯಿಂದ ಶತ್ರು ಒಳಗೆ ಬಂದ ಹೊತ್ತುಗಳನ್ನು ಸಾಲಾಗಿ ಬರೆದೆ. ಮಂಗಳವಾರ ಹನ್ನೊಂದು ಹತ್ತು, ಮೂರು ನಲವತ್ತು. ಬುಧವಾರ ಹನ್ನೊಂದು ಹನ್ನೆರಡು, ಮೂರು ನಲವತ್ತೊಂದು. ಅತ್ತಿಗೆ ಹೆಗಲ ಮೇಲಿನಿಂದ ಇಣುಕಿ ನೋಡಿ, “ಇದು ಚಾ ಬಿಡೋ ಹೊತ್ತು,” ಎಂದಳು.

“ಎಲ್ಲೀದು?”

“ಕುರೆಕುಪ್ಪದ ಕಡೆ ಫ್ಯಾಕ್ಟರೀದು. ನಮ್ಮಣ್ಣ ಅಲ್ಲೇ ದುಡೀತಾನ. ಅಂವ ನನಗ ಫೋನ್ ಹಚ್ಚೋದು ಇವೆರಡಾ ಹೊತ್ತಿನಾಗ.”

ಬಂದವನು ಯಾವ ಹೆಸರಿನಲ್ಲಿ ಬಂದಿದ್ದಾನೆ ಎಂದು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ರಷ್ಯಾದವನಿಗೆ ಹೆಸರು ಯಾಕೆ ಎಂದುಕೊಂಡಿದ್ದೆ. ನೋಡಿದೆ. ರುದ್ರೇಶ ಭಾವ. ದೊಡ್ಡ ಕಾಕಾನ ಮಗಳು ಸುಮಾಳ ಗಂಡ, ಕುರೆಕುಪ್ಪದ ಹತ್ತಿರ ಕಾಂಟ್ರಾಕ್ಟರೊಬ್ಬರ ಕೈಕೆಳಗೆ ಸೂಪರ್‌ವೈಸರ್. ಫೋನ್ ಮಾಡಿದೆ.

“ಹೂಂನೋ, ನಾನಾ ಹಾಕ್ತೀನಿ,” ಎಂದರು ಭಾವ, ಚಹಾ ಗುಟುಕರಿಸುತ್ತ. “ಹೂ ಉದುರೋದು ನಿಂತುಬಿಟ್ಟಿತ್ತಲ್ಲ. ಏನೋ ಕೆಟ್ಟೈತಿ ಅಂತ ದಿನಾ ಎರಡು ಸಲ ನೋಡಿ ಮತ್ತ ಕುಂದ್ರಸ್ತೀನಿ. ನಿನಗೂ ಒಬ್ಬಾವಗ ಎಷ್ಟಂತ ಆಗ್ತೈತಿ?”

“ಅದನ್ನ ಎಲ್ಲಿಂದ ತಂದ್ರಿ ಭಾವ?”

“ಗೆಳೆಯ ಕಳಸ್ಯಾನ. ರೊಕ್ಕ ಕೊಟ್ಟು ತಗೊಳ್ಳೋ ಮಾಲು. ಅದರ ಲಾಕ್ ಒಡದು ಫುಕಟ್ ಬಿಟ್ಟಾರ. ಮಸ್ತ್ ಐತಿಲ್ಲ?”

“ಲಾಕ್ ಒಡದಾಂವ ನಮ್ಮ ಬಾಗಲಾನೂ ತಗದು ಕುಂತಾನ ಭಾವ. ಹೂವಿನ ಜೊತಿಗೆ ಜೂಜು ಬಂದೈತಿ.”

“ಹೂವಿನಾಗ ಅಂಥಾದ್ದೇನೂ ಇಲ್ಲಪ್ಪ. ನಾನಾ ಕಣ್ಣಿಟ್ಟು ನೋಡೀನಿ,” ಎಂದರು ಭಾವ.

ರೋಗ ಸಿಕ್ಕಿತು. ಮದ್ದೂ ಸುಲಭ: ಭಾವನ ಅಡ್ಮಿನ್ ಪದವಿ ಕಿತ್ತುಕೊಳ್ಳುವುದು. ಕಿತ್ತುಕೊಳ್ಳುವ ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು. ಆದರೆ ಹಾಗೆ ಒತ್ತಿದರೆ ಒಬ್ಬ ಅಳಿಯನನ್ನು ಇಳಿಸಿ ಇಬ್ಬರನ್ನು ಉಳಿಸಿದಂತೆ. ಸುಮಾ ಪಂಚಮಿಗೆ ತವರಿಗೆ ಬರುವುದಿಲ್ಲ. ಕಾಕಾ ದೊಡ್ಡಪ್ಪನ ಜೊತೆ ಮಾತು ಬಿಡುತ್ತಾರೆ. ದೊಡ್ಡಪ್ಪ ಇಷ್ಟಕ್ಕೆಲ್ಲ ಕಾರಣವಾದ ರೊಟ್ಟಿ ಅಂಗಡಿಯನ್ನು ಶುಕ್ರವಾರದವರೆಗೂ ಕಾಯದೆ ಮುಚ್ಚುತ್ತಾರೆ. ಬಸಣ್ಣಜ್ಜ ಚೀಲಕ್ಕೆ ಪತ್ರಿಕೆ ವಾಪಸ್ ಇಟ್ಟದ್ದನ್ನು ಕಣ್ಣಾರೆ ಕಂಡವನು ನಾನು. ಬೆರಳು ಹಿಂದೆ ತೆಗೆದೆ.

“ಇಳಸಬ್ಯಾಡ್ರಿ,” ಎಂದಳು ಅತ್ತಿಗೆ. “ಎಲ್ಲಾರನ್ನೂ ಮ್ಯಾಲ ಏರಸ್ರಿ.”

“ಅಡ್ಮಿನ್‌ಗಿಂತ ಮ್ಯಾಲ ಏನೂ ಇಲ್ಲ ಅತ್ತಿಗೆ.”

“ಇಲ್ಲಂದ್ರ ಮಾಡ್ರಿ. ಸಂಘದ ಕಾರ್ಯಕ್ರಮ ನೋಡಿಲ್ಲೇನು? ಕುರ್ಚಿ ಹಾಕಾಂವ ಕಾರ್ಯದರ್ಶಿ. ಯಾವ ಕೆಲಸಕ್ಕೂ ಕೈ ಹಾಕಬಾರದು ಅನ್ನೋರನ್ನ ಮಹಾಪೋಷಕರು ಮಾಡ್ತಾರ. ಅವರ ಫೋಟೋ ಎಲ್ಲಾರಕಿಂತ ದೊಡ್ಡದು ಇರ್ತದ.”

ಲ್ಯಾಪ್‌ಟಾಪು ಬ್ಯಾಗು ಹೊತ್ತು ತಿರುಗುವ ನನಗೆ ಇದು ಹೊಳೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಹೊಸ ದರ್ಜೆ ಸಿದ್ಧವಾಯಿತು. ಮಹಾಪೋಷಕರು ಸೈಟಿನೊಳಗೆ ಬರಬಹುದು. ಬಂದರೆ ಚಿನ್ನದ ಬಣ್ಣದ ಅಕ್ಷರದಲ್ಲಿ ಅವರವರ ಹೆಸರಿನ ಸ್ವಾಗತವಿರುತ್ತದೆ. ಒತ್ತಲು ಗುಂಡಿ ಒಂದೂ ಇರುವುದಿಲ್ಲ. ಭಾವ ತಂದದ್ದನ್ನು ಬೇರು ಸಮೇತ ಕಿತ್ತು, ಅವರ ಸಲುವಾಗಿ ಗುಲಾಬಿ ಉದುರಿಸುವುದನ್ನು ನಾನೇ ಮೂವತ್ತು ಸಾಲಿನಲ್ಲಿ ಹೊಸದಾಗಿ ಬರೆದೆ. ಕದ್ದ ಹೂವಲ್ಲ, ಮನೆಯ ಹೂವು; ಒಳಗೆ ಬಂದ ಮಹಾಪೋಷಕರಿಗೆ ಮಾತ್ರ ಬೀಳುವಂಥದ್ದು. ಹನ್ನೆರಡು ಮಂದಿಗೆ ಒಂದೇ ಸಲ ಬಡ್ತಿ ಕೊಟ್ಟು, ಎಲ್ಲರಿಗೂ ಒಂದೇ ನಿಮಿಷಕ್ಕೆ ಸುದ್ದಿ ಕಳಿಸಿದೆವು, ಯಾರೂ ಹತ್ತೊಂಬತ್ತನೆಯವರಾಗದ ಹಾಗೆ. ಹದಿಮೂರನೆಯವನಾಗಿ ಅಜ್ಜನನ್ನು ಏರಿಸುವಾಗ ಅತ್ತಿಗೆ ಪರದೆಗೆ ಕೈಮುಗಿದಳು. ಕೊನೆಗೆ ಅವಳ ಹೆಸರನ್ನು ಅಡ್ಮಿನ್ ಮಾಡಿದೆ. ಪಟ್ಟಿಯಲ್ಲಿ ಉಳಿದವರು ಇಬ್ಬರು: ಅವಳು, ನಾನು.

ಅಂದು ಮೂರು ನಲವತ್ತಕ್ಕೆ ನಾವಿಬ್ಬರೂ ಪರದೆ ನೋಡುತ್ತ ಕುಳಿತೆವು. ಭಾವ ಒಳಗೆ ಬಂದರು. ಎಂಟು ನಿಮಿಷ ಇದ್ದರು. ಹೋದರು. ಮೊಬೈಲಿನಲ್ಲಿ ಸೈಟು ತೆರೆದೆ. ರೊಟ್ಟಿ ಇತ್ತು.

ಶುಕ್ರವಾರ ದೊಡ್ಡಪ್ಪ ಹೆಡ್‌ಮಾಸ್ಟರನ್ನು ಮಿಲ್ಲಿಗೇ ಕರೆಸಿದರು. ಹೆಡ್‌ಮಾಸ್ಟರು ಮೊಬೈಲನ್ನು ಕೈಯಷ್ಟುದ್ದ ದೂರ ಹಿಡಿದು, ಮುಖ ಒಂದು ಕಡೆ ತಿರುಗಿಸಿ, ಪಟಾಕಿ ಹಚ್ಚುವವರ ಹಾಗೆ ಒತ್ತಿದರು. ಏನೂ ಸಿಡಿಯಲಿಲ್ಲ. ಎರಡು ಡಜನ್ ರೊಟ್ಟಿ, ಒಂದು ಗುರೆಳ್ಳು ಪುಡಿ ಆರ್ಡರ್ ಮಾಡಿದರು. ಅವರು ಹೋದ ಮೇಲೆ ದೊಡ್ಡಪ್ಪ ತಮ್ಮ ಹೆಸರಿನಲ್ಲಿ ಒಳಗೆ ಹೋಗಿ, ಹೂವು ಉದುರುವುದನ್ನು ಬಹಳ ಹೊತ್ತು ನೋಡಿದರು.

“ಇಲ್ಲಿ ಒತ್ತಾಕ ಏನೂ ಇಲ್ಲಲ್ಲವ್ವಾ?”

“ಮಹಾಪೋಷಕರು ಒತ್ತಬಾರದ್ರಿ ಮಾವಾರ,” ಎಂದಳು ಅತ್ತಿಗೆ, ತಗ್ಗಿದ ದನಿಯಲ್ಲಿ. “ಬ್ಯಾರೇದವರು ಒತ್ತಬೇಕು.”

ದೊಡ್ಡಪ್ಪ ಅವಳನ್ನು ನೋಡಿದರು. ಮೂವತ್ತು ವರ್ಷ ಮಿಲ್ಲು ನಡೆಸಿದ ಮನುಷ್ಯನಿಗೆ ತೂಕದಲ್ಲಿ ಮೋಸ ಮಾಡುವುದು ಕಷ್ಟ. “ಈಗ ಒತ್ತೋರು ಯಾರು?”

“ನಾನ್ರಿ.”

ಅವರು ಮೊಬೈಲನ್ನು ಜೇಬಿಗಿಟ್ಟು ಎದ್ದರು. “ಆತು. ಒತ್ತು,” ಎಂದು ಭತ್ತದ ಲಾರಿಯ ಕಡೆ ಹೋದರು. ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತಿದ್ದೆ. ಒಂದು ತಿಂಗಳ ನಂತರ ಹೊಸಪೇಟೆಯಲ್ಲಿ ಕುಳಿತು ವಾರದ ತಪಾಸಣೆಗೆಂದು ಕಂಪ್ಲಿಯ ಸೈಟಿನೊಳಗೆ ಹೋದೆ. ಪರದೆಯ ಮೇಲಿನಿಂದ ಒಂದು ಗುಲಾಬಿ ಎಸಳು ನಿಧಾನವಾಗಿ ತೇಲಿ ಬಂತು. ಅದರ ಹಿಂದೆ ಇನ್ನೊಂದು. ಕೆಳಗೆ ಚಿನ್ನದ ಅಕ್ಷರದಲ್ಲಿ ನನ್ನ ಹೆಸರು.

ಯಾರೋ ನುಗ್ಗಿದ್ದಾರೆ ಎಂದುಕೊಂಡು ಅತ್ತಿಗೆಗೆ ಫೋನ್ ಮಾಡಿದೆ.

“ಯಾರೂ ನುಗ್ಗಿಲ್ರಿ. ನಿಮ್ಮನ್ನ ನಾನಾ ಏರಿಸೀನಿ.”

“ಯಾಕ ಅತ್ತಿಗೆ?”

“ನೀವಾ ಹೇಳಿದ್ರಲ್ಲ, ಕೆಲಸಕ್ಕ ಬೇಕಾದವರನ್ನಷ್ಟಾ ಇಡಬೇಕು ಅಂತ. ಈ ತಿಂಗಳು ನೀವು ಒಳಗ ಬಂದಿದ್ದನ್ನ ಬರದಿಟ್ಟೀನಿ. ಏಳು ಸಲ. ಐದು ಸಲ ಸುಮ್ಮನ ನೋಡಿ ಹೋದ್ರಿ. ಎರಡು ಸಲ ನಾ ಹಾಕಿದ ಫೋಟೋ ಸಣ್ಣದು ಮಾಡಿದ್ರಿ. ಅಪ್‌ಡೇಟು, ಬ್ಯಾಕಪ್ಪು ಎಲ್ಲಾ ನಾನಾ ಮಾಡೀನಿ. ಏನರ ಕೆಟ್ರ ಕರೀತೀನಿ, ಆ ದಿನದ ಮಟ್ಟಿಗೆ ಇಳಸ್ತೀನಿ.”

“ಸೈಟು ಕಟ್ಟಿದಾಂವ ನಾನು!”

ಮಾತು ಬಾಯಿಂದ ಬಿದ್ದ ಮೇಲೆ ದನಿಯ ಗುರುತು ಹತ್ತಿತು. ಅದು ನನ್ನದಾಗಿರಲಿಲ್ಲ. ಕಾಕಾಗಳದು, ಬೀಗರದು, ಮಲಪನಗುಡಿಯ ಬಸಣ್ಣಜ್ಜನದು.

“ಹೌದ್ರಿ ಮೈದುನ್ರ,” ಎಂದಳು ಅತ್ತಿಗೆ, ಬಹಳ ಮರ್ಯಾದೆಯಿಂದ. “ಅದಕ್ಕಾ ಮಹಾಪೋಷಕರು.”

ಎರಡು ವಾರ ನಾನು ಕಂಪ್ಲಿಗೆ ಹೋಗಲಿಲ್ಲ. ಕೆಲಸವಿತ್ತು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಯಾವ ಕೆಲಸ ಎಂದು ಬರೆದಿಲ್ಲ. ಪಂಚಮಿಗೆ ಎಲ್ಲರೂ ಸೇರಲೇಬೇಕಾದ್ದರಿಂದ ಹೋದೆ. ಸುಮಾ ಬಂದಿದ್ದಳು, ಜೋಕಾಲಿಯಲ್ಲಿದ್ದಳು. ಊಟಕ್ಕೆ ಗಂಡಸರ ಸಾಲು ಕುಳಿತಾಗ ಅತ್ತಿಗೆ ಬಡಿಸಲು ಬರಲಿಲ್ಲ. ದೂರದ ಊರಿಗೆ ಹೋಗುವ ಹಬ್ಬದ ಆರ್ಡರುಗಳನ್ನು ಕಟ್ಟುತ್ತ ಗೋದಾಮಿನಲ್ಲೇ ಇದ್ದಳು. ಯಾಕೆ ಬರಲಿಲ್ಲ ಎಂದು ಸಾಲಿನಲ್ಲಿ ಯಾರೂ ಕೇಳಲಿಲ್ಲ. ಕೇಳುವ ಗುಂಡಿಯೂ ಬಹುಶಃ ಅವರ ಹತ್ತಿರ ಉಳಿದಿರಲಿಲ್ಲ.

ನಾನು ಎಲ್ಲಿ ಕೂರಬೇಕೆಂದು ನೋಡುತ್ತ ನಿಂತಿದ್ದೆ. ರುದ್ರೇಶ ಭಾವ ಜೇಬಿನಿಂದ ಮೊಬೈಲು ತೆಗೆದು, ಸುತ್ತ ನೋಡಿ, ಸಣ್ಣ ದನಿಯಲ್ಲಿ ಕೇಳಿದರು:

“ಹೂ ನಿನಗೂ ಬೀಳ್ತಾವೇನೋ?”

“ಬೀಳ್ತಾವ ಭಾವ.”

ಭಾವ ಸಮಾಧಾನದಿಂದ ತಲೆಯಾಡಿಸಿ, ತಮ್ಮ ಎಲೆಯನ್ನು ಒಂದಿಷ್ಟು ಆಚೆ ಸರಿಸಿ, ನನಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.